ಇನ್ನೊಂದು ಸಲ ಎಸೆಯಲೇ, ಇಳಿಸಲೇ?

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ದಾಳ, ಅಡುಗೆ ಮತ್ತು ಹುಳದ ಬಗ್ಗೆ. ಹುಳ ಎಂದ ಕೂಡಲೇ ಕೆಲವರು ಮುಖ ಕಿವಿಚುತ್ತಾರೆ. ಸ್ವಲ್ಪ ತಾಳಿ. ಹುಳದ ಜಾಗಕ್ಕೆ ಆಮೇಲೆ ತುಪ್ಪ ಬರುತ್ತದೆ.

ಮೈಸೂರು ಪಾಕ್ ಮಾಡಿದವರಿಗೆ ಒಂದು ವಿಷಯ ಗೊತ್ತು. ಪಾಕಕ್ಕೆ ಹಾಕಿದ ಕಡಲೆಹಿಟ್ಟು ತುಪ್ಪ ಕುಡಿದು ಬಾಣಲೆಯ ಅಂಚು ಬಿಡಲು ಶುರುವಾದಾಗ ಕೈಗೆ ಎರಡೇ ದಾರಿ: ಇಳಿಸುವುದು, ಇಲ್ಲವೇ ಇನ್ನೊಂದು ಸುತ್ತು ತಿರುವುವುದು. ಬೇಗ ಇಳಿಸಿದರೆ ಮೆತ್ತಗೆ ಮುದ್ದೆಯಾಗಿ ಉಳಿಯುತ್ತದೆ. ತಡವಾದರೆ ಕತ್ತಿ ಇಳಿಯದ ಇಟ್ಟಿಗೆ. ನಡುವಿನ ಆ ಚೂರು ಹೊತ್ತಿಗೆ ನಾವು ಹದ ಎನ್ನುತ್ತೇವೆ. ಈಗ ಹೇಳಲಿರುವ ಆಟದ ತುಂಬ ಇರುವುದು ಇದೇ ಹದದ ಪ್ರಶ್ನೆ, ಒಂದು ಸುತ್ತಿನಲ್ಲಿ ನಾಲ್ಕೈದು ಸಲ.

2005ರಲ್ಲಿ ಜರ್ಮನಿಯ ಝೋಖ್ ಎಂಬ ಪ್ರಕಾಶನ ಈ ಆಟವನ್ನು ಹೊರತಂದಿತು. ಹೆಸರು 'ಹೆಕ್‌ಮೆಕ್ ಆಮ್ ಬ್ರಾಟ್‌ವುರ್ಮೆಕ್'. ಹೆಸರಲ್ಲೇ ತಮಾಷೆಯಿದೆ. ಜರ್ಮನರು ಸುಟ್ಟು ತಿನ್ನುವ ಸಾಸೇಜಿಗೆ ಬ್ರಾಟ್‌ವುರ್ಸ್ಟ್ ಎನ್ನುತ್ತಾರೆ. 'ವುರ್ಸ್ಟ್' ತೆಗೆದು 'ವುರ್ಮ್' ಇಟ್ಟರೆ ಸಾಸೇಜು ಹೋಗಿ ಹುಳ ಬರುತ್ತದೆ. 'ಎಕ್' ಎಂದರೆ ಮೂಲೆ, 'ಹೆಕ್‌ಮೆಕ್' ಎಂದರೆ ರಗಳೆ. ಕನ್ನಡಕ್ಕೆ ತಂದರೆ 'ಹುಳ ಸುಡುವ ಮೂಲೆಯಲ್ಲಿ ರಗಳೆ' ಎನ್ನಬಹುದು. ಆಡುವವರೆಲ್ಲ ಹಸಿದ ಕೋಳಿಗಳು. ನಡುವೆ ಒಂದು ಕೆಂಡದ ಒಲೆ, ಅದರ ಮೇಲೆ ಸಾಲಾಗಿ ಸುಟ್ಟ ಹುಳ. ಇಂಗ್ಲಿಷ್ ಆವೃತ್ತಿಗೆ ಪಿಕೊಮಿನೊ ಎಂದು ಹೆಸರಿಟ್ಟರು, ಏಕೆಂದರೆ ಹುಳದ ಚಿತ್ರವಿರುವ ಬಿಲ್ಲೆಗಳು ಡಾಮಿನೊ ಹಾಗೆ ದಪ್ಪಗೆ, ಉದ್ದಕ್ಕೆ ಇವೆ. ರೂಪಿಸಿದವರು ರೈನರ್ ಕ್ನಿಟ್ಸಿಯಾ. ಗಣಿತದಲ್ಲಿ ಡಾಕ್ಟರೇಟ್ ಪಡೆದವರು, ನೂರಾರು ಆಟಗಳನ್ನು ರೂಪಿಸಿದವರು. ಆ ಗಣಿತ ಇಲ್ಲಿ ಎಲ್ಲೂ ಎದ್ದು ಕಾಣುವುದಿಲ್ಲ, ಆದರೆ ನಿಯಮಗಳ ಅಡಿಯಲ್ಲೆಲ್ಲ ಇದೆ. ಪೆಟ್ಟಿಗೆಯ ಮೇಲೆ 2ರಿಂದ 7 ಜನ, 8 ವರ್ಷ ಮೇಲ್ಪಟ್ಟವರು ಎಂದಿರುತ್ತದೆ. ಅರ್ಧ ಗಂಟೆಯೊಳಗೆ ಒಂದಾಟ ಮುಗಿಯುತ್ತದೆ.

ಪೆಟ್ಟಿಗೆಯಲ್ಲಿ ಇರುವುದು ಇಷ್ಟೇ: 8 ದಾಳ, 16 ಬಿಲ್ಲೆ. ದಾಳದಲ್ಲಿ 1ರಿಂದ 5ರವರೆಗೆ ಚುಕ್ಕೆ, 6ರ ಜಾಗದಲ್ಲಿ ಒಂದು ಹುಳ. ಬಿಲ್ಲೆಗಳ ಮೇಲೆ 21ರಿಂದ 36ರವರೆಗಿನ ಸಂಖ್ಯೆ, ಅದರ ಕೆಳಗೆ ಹುಳಗಳ ಚಿತ್ರ. 21–24ರ ಬಿಲ್ಲೆಗೆ ಒಂದೊಂದು ಹುಳ, 25–28ಕ್ಕೆ ಎರಡೆರಡು, 29–32ಕ್ಕೆ ಮೂರು, 33–36ಕ್ಕೆ ನಾಲ್ಕು. ಒಟ್ಟು 40 ಹುಳ. ಕೊನೆಗೆ ಯಾರ ಬಳಿ ಹೆಚ್ಚು ಹುಳ ಇವೆಯೋ ಅವರು ಗೆದ್ದರು. ಬಿಲ್ಲೆಯ ಮೇಲಿನ ದೊಡ್ಡ ಸಂಖ್ಯೆ ಅದನ್ನು ಕೊಳ್ಳುವ ಬೆಲೆ ಮಾತ್ರ, ಅಂಕ ಅಲ್ಲ. ಮೊದಲ ಸಲ ಆಡುವವರು ಇದನ್ನು ಬೆರೆಸಿಕೊಂಡು, ಆಟದ ಕೊನೆಗೆ 28 ಮತ್ತು 31ನ್ನು ಕೂಡಿಸುತ್ತ ಕೂರುತ್ತಾರೆ.

ಒಂದು ಸರದಿ ನಡೆಯುವ ಬಗೆ

ಎಂಟೂ ದಾಳ ಎಸೆಯಿರಿ. ಬಿದ್ದ ಮುಖಗಳಲ್ಲಿ ಯಾವುದಾದರೂ ಒಂದನ್ನು ಆರಿಸಿ, ಆ ಮುಖ ತೋರಿಸುವ ಎಲ್ಲ ದಾಳಗಳನ್ನೂ ಬದಿಗೆ ತೆಗೆದಿಡಿ. ಮೂರು 4 ಬಿದ್ದಿದ್ದರೆ ಮೂರೂ ತೆಗೆಯಬೇಕು, ಎರಡು ಸಾಕು ಎನ್ನುವಂತಿಲ್ಲ. ಉಳಿದ ದಾಳಗಳನ್ನು ಮತ್ತೆ ಎಸೆಯಿರಿ. ಈ ಸಲ ಬೇರೆ ಮುಖವನ್ನೇ ಆರಿಸಬೇಕು. ಒಮ್ಮೆ 4 ತೆಗೆದಿಟ್ಟ ಮೇಲೆ ಆ ಸರದಿಯಲ್ಲಿ 4 ಮುಗಿಯಿತು. ಹೀಗೆ ಬೇಕೆನಿಸುವವರೆಗೆ ಎಸೆಯುತ್ತ ಹೋಗಬಹುದು, ಅಥವಾ ನಿಲ್ಲಿಸಬಹುದು, ಅಂದರೆ ಇಳಿಸಬಹುದು.

ನಿಲ್ಲಿಸಲು ಎರಡು ಷರತ್ತು. ತೆಗೆದಿಟ್ಟ ದಾಳಗಳ ಮೊತ್ತ ಯಾವುದಾದರೂ ಒಂದು ಬಿಲ್ಲೆಗೆ ಸಾಲಬೇಕು, ಮತ್ತು ಅವುಗಳಲ್ಲಿ ಕನಿಷ್ಠ ಒಂದು ಹುಳ ಇರಬೇಕು. ಮೊತ್ತದಲ್ಲಿ ಹುಳದ ಬೆಲೆ 5.

ಮೊತ್ತ 27 ಆಯಿತು ಎನ್ನಿ. ಒಲೆಯ ಮೇಲೆ, ಅಂದರೆ ನಡುವೆ ಸಾಲಾಗಿ ಇಟ್ಟ ಬಿಲ್ಲೆಗಳಲ್ಲಿ, 27 ಇದ್ದರೆ ಅದು ನಿಮ್ಮದು. ಇಲ್ಲದಿದ್ದರೆ ಅದಕ್ಕಿಂತ ಕೆಳಗಿನ, ಒಲೆಯ ಮೇಲಿರುವ ಅತಿ ಹತ್ತಿರದ ಬಿಲ್ಲೆ. ಅಥವಾ ಬೇರೆ ಆಟಗಾರರು ಗಳಿಸಿ ಒಂದರ ಮೇಲೊಂದು ಇಟ್ಟ ಬಿಲ್ಲೆಗಳ ಅಟ್ಟಿಯ ತುದಿಯಲ್ಲಿ 27 ಕೂತಿದ್ದರೆ ಅದನ್ನೇ ಎತ್ತಿಕೊಳ್ಳಬಹುದು. ಕಸಿಯಲು ಮಾತ್ರ ಮೊತ್ತ ಸರಿಯಾಗಿ ಅಷ್ಟೇ ಆಗಿರಬೇಕು. 28 ಮಾಡಿಕೊಂಡು ಪಕ್ಕದವರ 27ಕ್ಕೆ ಕೈ ಹಾಕುವಂತಿಲ್ಲ. ಸಿಕ್ಕ ಬಿಲ್ಲೆಯನ್ನು ನಿಮ್ಮ ಅಟ್ಟಿಯ ಮೇಲೆ ಇಡಿ. ತುದಿಯ ಬಿಲ್ಲೆ ಮಾತ್ರ ಕಾಣುತ್ತದೆ, ಕಸಿಯಲು ಸಿಗುವುದೂ ಅದೊಂದೇ.

ಕೆಡುವುದು ಮೂರು ರೀತಿ. ಎಸೆದಾಗ ಬಿದ್ದ ಮುಖಗಳೆಲ್ಲ ಈಗಾಗಲೇ ತೆಗೆದಿಟ್ಟವೇ ಆಗಿರಬಹುದು. ದಾಳ ಮುಗಿದರೂ ಹುಳ ಬಾರದೇ ಇರಬಹುದು. ಹುಳ ಬಂದರೂ ಮೊತ್ತ ಯಾವ ಬಿಲ್ಲೆಗೂ ಸಾಲದೇ ಇರಬಹುದು. ಇದಕ್ಕೆ ಕನ್ನಡದಲ್ಲಿ 'ಸೀದುಹೋಯಿತು' ಎಂದರೆ ಸಾಕು, ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ. ಸೀದರೆ ನಿಮ್ಮ ಅಟ್ಟಿಯ ತುದಿಯ ಬಿಲ್ಲೆ ಒಲೆಗೆ ವಾಪಸು. ಜೊತೆಗೆ ಒಲೆಯ ಮೇಲಿನ ಅತಿ ದೊಡ್ಡ ಸಂಖ್ಯೆಯ ಬಿಲ್ಲೆಯನ್ನು ಮಗುಚಿಡಬೇಕು. ಅದು ಆಟದಿಂದ ಹೊರಗೆ. ಒಂದು ವಿನಾಯಿತಿ ಇದೆ: ಈಗ ವಾಪಸು ಬಂದ ಬಿಲ್ಲೆಯೇ ಒಲೆಯಲ್ಲಿ ಅತಿ ದೊಡ್ಡದಾಗಿದ್ದರೆ ಏನನ್ನೂ ಮಗುಚುವುದಿಲ್ಲ. ಒಲೆಯ ಮೇಲೆ ಮುಖ ಮೇಲಾಗಿರುವ ಬಿಲ್ಲೆ ಒಂದೂ ಉಳಿಯದಾಗ ಆಟ ಮುಗಿಯುತ್ತದೆ. ಹುಳ ಸಮವಾದರೆ, ಸಮವಾದವರಲ್ಲಿ ಯಾರ ಬಳಿ ಅತಿ ದೊಡ್ಡ ಸಂಖ್ಯೆಯ ಬಿಲ್ಲೆ ಇದೆಯೋ ಅವರಿಗೆ ಗೆಲುವು.

ಈ ಮಗುಚುವ ನಿಯಮ ಸಣ್ಣದಾಗಿ ಕಾಣುತ್ತದೆ, ಮರೆತುಬಿಡುತ್ತಾರೆ. ಮರೆತರೆ ಆಟ ಮುಗಿಯುವುದೇ ಇಲ್ಲ. ಒಬ್ಬರು ತೆಗೆದುಕೊಳ್ಳುತ್ತ, ಇನ್ನೊಬ್ಬರು ಸೀಯಿಸಿ ತಮ್ಮದನ್ನು ವಾಪಸು ಇಡುತ್ತ ಒಲೆ ಯಾವತ್ತೂ ಖಾಲಿಯಾಗದೆ ಉಳಿಯುತ್ತದೆ. ಪ್ರತಿ ಸೀದ ಸರದಿಗೂ ಒಂದು ಬಿಲ್ಲೆ ಸತ್ತರೆ ಆಟಕ್ಕೆ ಗಡಿಯಾರ ಸಿಕ್ಕ ಹಾಗೆ. ಸಾಯುವುದು ನಾಲ್ಕು ಹುಳದ ದುಬಾರಿ ಬಿಲ್ಲೆಯೇ ಆದ್ದರಿಂದ, ದೊಡ್ಡದಕ್ಕೆ ಆಸೆಪಟ್ಟು ಎಲ್ಲರೂ ಸೀಯಿಸುತ್ತ ಹೋದರೆ ಆ ದೊಡ್ಡದೇ ಕಣ್ಣೆದುರಿಗೆ ಮಾಯ.

ಅಟ್ಟಿಯ ನಿಯಮದಲ್ಲೂ ಒಂದು ಉಪಾಯ ಅಡಗಿದೆ. ನಿಮ್ಮ ತುದಿಯಲ್ಲಿ 33 ಇದೆ ಎನ್ನಿ, ನಾಲ್ಕು ಹುಳದ ಬಿಲ್ಲೆ. ಎಲ್ಲರ ಕಣ್ಣೂ ಅದರ ಮೇಲೆ. ಮುಂದಿನ ಸರದಿಯಲ್ಲಿ ಸುಮ್ಮನೆ 21ಕ್ಕೆ ಇಳಿಸಿ ಅದನ್ನು ಮೇಲೆ ಇಟ್ಟುಬಿಡಿ. ಕಸಿಯುವವರಿಗೆ ಸಿಗುವುದು 21, ಸೀದರೆ ಕೈಬಿಡುವುದೂ 21. ಒಂದೇ ಹುಳದ ಬಡ ಬಿಲ್ಲೆ ಇಲ್ಲಿ ಮುಚ್ಚಳದ ಕೆಲಸ ಮಾಡುತ್ತದೆ.

ಸೀಯುವ ಲೆಕ್ಕ

ಗಣಿತ ಎಂದರೆ ಓಡಿಹೋಗಬೇಡಿ, ಒಂದೇ ಸೂತ್ರ. ಇದುವರೆಗೆ ಎಷ್ಟು ಬಗೆಯ ಮುಖ ತೆಗೆದಿಟ್ಟಿದ್ದೀರಿ ನೋಡಿ, ಅದನ್ನು 6ರಿಂದ ಭಾಗಿಸಿ. ಕೈಯಲ್ಲಿ ಎಷ್ಟು ದಾಳ ಉಳಿದಿವೆಯೋ ಅಷ್ಟು ಸಲ ಆ ಭಿನ್ನರಾಶಿಯನ್ನು ಬರೆದು, ಬರೆದದ್ದನ್ನೆಲ್ಲ ಒಂದಕ್ಕೊಂದು ಗುಣಿಸಿ. ಬರುವುದು ಮುಂದಿನ ಎಸೆತದಲ್ಲಿ ಹೊಸ ಮುಖ ಒಂದೂ ಬೀಳದೆ ಸೀಯುವ ಸಾಧ್ಯತೆ.

ಎರಡು ಮುಖ ತೆಗೆದಿಟ್ಟು ಮೂರು ದಾಳ ಉಳಿದಿದ್ದರೆ 27ರಲ್ಲಿ 1, ಅಂದರೆ 4%ಕ್ಕೂ ಕಡಿಮೆ. ಧೈರ್ಯವಾಗಿ ಎಸೆಯಬಹುದು. ಮೂರು ಮುಖ ಹೋಗಿ ಮೂರು ದಾಳ ಉಳಿದರೆ 8ರಲ್ಲಿ 1. ಮೂರು ಮುಖ, ಎರಡು ದಾಳ: ನಾಲ್ಕರಲ್ಲಿ ಒಂದು. ಮೂರು ಮುಖ, ಒಂದು ದಾಳ: ಅರ್ಧಕ್ಕರ್ಧ. ನಾಲ್ಕು ಮುಖ ಹೋಗಿ ಎರಡು ದಾಳ ಇದ್ದರೆ 44%, ಒಂದೇ ಇದ್ದರೆ ಮೂರರಲ್ಲಿ ಎರಡು ಪಾಲು ಸೀಯುತ್ತದೆ. ಕಡಿಮೆ ದಾಳ ಉಳಿದಿದೆ, ಇನ್ನೇನು ಕೆಡುತ್ತದೆ ಎಂದುಕೊಳ್ಳುವುದು ಎಲ್ಲರೂ ಬೀಳುವ ಹಳ್ಳ. ಕೆಡುವುದು ಆಗಲೇ. ತಳ ಹತ್ತುವುದು ಪಾತ್ರೆ ತುಂಬಿದ್ದಾಗ ಅಲ್ಲ, ನೀರು ಆರಿ ತಳಕ್ಕೆ ಬಂದಾಗ ತಾನೆ?

ಇನ್ನು ಹುಳದ ಲೆಕ್ಕ ಬೇರೆ. ಮೊದಲ ಎಸೆತದಲ್ಲಿ, ಎಂಟು ದಾಳದಲ್ಲಿ ಒಂದಾದರೂ ಹುಳ ಬೀಳುವ ಸಾಧ್ಯತೆ ಸುಮಾರು 77%. ಎರಡೋ ಹೆಚ್ಚೋ ಬೀಳುವುದು 40%ರ ಹತ್ತಿರ. ಐದು ದಾಳ ಉಳಿದಿದ್ದರೆ ಒಂದು ಹುಳವಾದರೂ ಬರುವುದು 60%, ನಾಲ್ಕಕ್ಕೆ 52%, ಮೂರಕ್ಕೆ 42%, ಎರಡಕ್ಕೆ 31%, ಒಂದಕ್ಕೆ 17%. ಈ ಸಾಲಿನಲ್ಲಿ ನೆನಪಿಡಬೇಕಾದದ್ದು ನಾಲ್ಕು: ಹುಳವಿಲ್ಲದೆ ನಾಲ್ಕು ದಾಳಕ್ಕೆ ಬಂದು ನಿಂತರೆ ಮುಂದಿನ ಎಸೆತ ನಾಣ್ಯ ಚಿಮ್ಮಿದ ಹಾಗೆ.

ಒಂದು ಉದಾಹರಣೆ. ಮೊದಲ ಎಸೆತ: ಹುಳ, ಹುಳ, 5, 5, 5, 3, 2, 1. ಹೊಸಬರ ಕೈ ತಾನಾಗಿ ಮೂರು 5ರ ಕಡೆ ಹೋಗುತ್ತದೆ, 15 ಒಂದೇ ಏಟಿಗೆ. ತಪ್ಪೇನಲ್ಲ. ಆದರೆ ಮುಂದೆ ಹುಳ ಬರಲೇಬೇಕು ಎಂಬ ಸಾಲ ಹೆಗಲ ಮೇಲೆ ಉಳಿಯುತ್ತದೆ. ಎರಡನೇ ಎಸೆತದ ಐದು ದಾಳದಲ್ಲಿ ಹುಳ ಬೀಳದೆ, ಎರಡು 4 ತೆಗೆದರು ಎನ್ನಿ. ಈಗ ಮೊತ್ತ 23, ಕೈಯಲ್ಲಿ ಮೂರು ದಾಳ, ಹುಳ ಇಲ್ಲ. ನಿಲ್ಲಿಸುವಂತಿಲ್ಲ. ಮುಂದಿನ ಎಸೆತದಲ್ಲಿ ಹುಳ ಬರುವುದು 42%. ಬರದಿದ್ದರೆ ಸಾಧ್ಯವಾದಷ್ಟು ಕಡಿಮೆ ದಾಳ ತೆಗೆದಿಟ್ಟು ಮತ್ತೆ ಮತ್ತೆ ಪ್ರಯತ್ನಿಸಿದರೂ ಒಟ್ಟು ಸಾಧ್ಯತೆ 60%ಕ್ಕೆ ಬಂದು ನಿಲ್ಲುತ್ತದೆ. ಐದರಲ್ಲಿ ಎರಡು ಸಲ ಸೀಯುತ್ತದೆ ಎಂದಾಯಿತು.

ಅದೇ ಮೊದಲ ಎಸೆತದಲ್ಲಿ ಎರಡು ಹುಳ ತೆಗೆದಿದ್ದರೆ? ಮೊತ್ತ 10, ಕೈಯಲ್ಲಿ ಆರು ದಾಳ, ಸಾಲ ತೀರಿದೆ. ಎರಡನೆಯದರಲ್ಲಿ ಮೂರು 5 ಸಿಕ್ಕರೆ 25, ಮೂರು ದಾಳ ಉಳಿಕೆ. ಇಲ್ಲಿ ಇಳಿಸಿದರೆ ಎರಡು ಹುಳದ ಬಿಲ್ಲೆ. ಎಸೆದರೆ ಸೀಯುವುದು 27ರಲ್ಲಿ 1. ಎಸೆಯಿರಿ. 4, 4, 1 ಬಿತ್ತು. ಎರಡು 4 ತೆಗೆದರೆ 33, ಒಂದು ದಾಳ ಉಳಿಯಿತು. ಈಗ ಎಸೆದರೆ ಸೀಯುವುದು ಅರ್ಧಕ್ಕರ್ಧ, ಗೆದ್ದರೂ ಸಿಗುವುದು ಅದೇ ನಾಲ್ಕು ಹುಳದ ಬಿಲ್ಲೆ. ಇಳಿಸಿ.

ಒಂಟಿ ಹುಳ ಬಿದ್ದಾಗ ಏನು ಮಾಡಬೇಕು ಎಂಬುದಕ್ಕೆ ಸಿದ್ಧ ಉತ್ತರ ಇಲ್ಲ. ತೆಗೆದರೆ ಸಾಲ ತೀರುತ್ತದೆ, ಆದರೆ ಆರು ಮುಖಗಳಲ್ಲಿ ಒಂದು ಒಳ್ಳೆಯ ಮುಖ ಬರೀ 5ಕ್ಕೆ ಖರ್ಚಾಗುತ್ತದೆ, ಮುಂದೆ ಮೂರು ಹುಳ ಒಟ್ಟಿಗೆ ಬಿದ್ದರೂ ಮುಟ್ಟುವಂತಿಲ್ಲ. ಕೈಯಲ್ಲಿ ಏಳೆಂಟು ದಾಳ ಇರುವಾಗ ಕಾಯಬಹುದು. ಐದಕ್ಕೆ ಇಳಿದ ಮೇಲೆ ಸಿಕ್ಕ ಹುಳ ಬಿಡಬೇಡಿ.

ಸಣ್ಣ ಅಂಕಿಗಳ ಬಗ್ಗೆಯೂ ಒಂದು ಮಾತು. ನಾಲ್ಕು 1 ಬಿದ್ದರೆ ಅವನ್ನು ಎಂದೂ ತೆಗೆಯಬೇಡಿ. ಅರ್ಧ ದಾಳ ಹೋಗಿ ಸಿಗುವುದು 4, ಉಳಿದ ನಾಲ್ಕೂ ತಲಾ 5 ಕೊಟ್ಟರೂ 24 ದಾಟುವುದಿಲ್ಲ. ಆದರೆ ಎಲ್ಲ ಆಯ್ಕೆಗಳೂ ಕೆಟ್ಟದ್ದಾಗಿರುವ ಎಸೆತದಲ್ಲಿ ಒಂಟಿ 1 ಅಥವಾ ಒಂಟಿ 2 ತೆಗೆದಿಟ್ಟು ದಾಟಿಕೊಳ್ಳುವುದು ಜಾಣತನ. ಒಂದೇ ದಾಳ ಖರ್ಚು, ಒಳ್ಳೆಯ ಮುಖಗಳೆಲ್ಲ ಇನ್ನೂ ಬಾಕಿ.

ಚೌಕಾಬಾರದಲ್ಲಿ ಕವಡೆ ಎಷ್ಟು ತೋರಿಸಿತೋ ಅಷ್ಟು ಮನೆ ನಡೆಯಬೇಕು. ಯಾವ ಕಾಯಿ ನಡೆಸುವುದು ಎಂಬುದಷ್ಟೇ ನಮ್ಮ ಕೈಯಲ್ಲಿ. ಇಲ್ಲಿ ಬಿದ್ದದ್ದರಲ್ಲಿ ಯಾವುದು ಬೇಕು, ಎಲ್ಲಿಗೆ ಸಾಕು ಎರಡನ್ನೂ ನಾವೇ ಹೇಳಬೇಕು. ಹಾಗಾಗಿ ಸೋತಾಗ ದಾಳವನ್ನು ಬೈಯುವುದಕ್ಕೂ ಆಗುವುದಿಲ್ಲ.

ಮನೆಯಲ್ಲೇ ಮಾಡಿಕೊಳ್ಳುವುದು: ತುಪ್ಪದ ಆವೃತ್ತಿ

ಮೂಲ ಪೆಟ್ಟಿಗೆ ಸಿಕ್ಕರೆ ಕೊಳ್ಳಿ, ಅದರ ದಪ್ಪ ಬಿಲ್ಲೆಗಳನ್ನು ಕೈಯಲ್ಲಿ ಹಿಡಿಯುವ ಸುಖವೇ ಬೇರೆ. ಸಿಗದಿದ್ದರೆ ಮನೆಮಟ್ಟಿಗೆ ಮಾಡಿಕೊಳ್ಳಲು ಒಂದು ಸಂಜೆ ಸಾಕು. ಹುಳ ಬೇಡ ಎನ್ನುವ ಅಜ್ಜಿಯಂದಿರಿಗಾಗಿ ಅದನ್ನು ತುಪ್ಪ ಮಾಡೋಣ. ತುಪ್ಪವೇ ಏಕೆ ಎಂದರೆ, ಒಗ್ಗರಣೆ ಎಂದಿಟ್ಟರೆ ಹೋಳಿಗೆಗೆ ಹೊಂದುವುದಿಲ್ಲ, ಬೆಲ್ಲ ಎಂದರೆ ಉಪ್ಪಿಟ್ಟಿಗೆ ಹೊಂದುವುದಿಲ್ಲ. ತುಪ್ಪ ಮಾತ್ರ ಸಾರಿನಿಂದ ಮೈಸೂರು ಪಾಕಿನವರೆಗೆ ಎಲ್ಲಕ್ಕೂ ಸಲ್ಲುತ್ತದೆ. 'ತುಪ್ಪ ಬೀಳದೆ ಎಲೆಗೆ ಬಡಿಸುವಂತಿಲ್ಲ' ಎಂದು ಹೇಳಿದರೆ ಹುಳದ ಷರತ್ತನ್ನು ಬೇರೆ ವಿವರಿಸುವ ಅಗತ್ಯವೇ ಇಲ್ಲ.

ಬಿಲ್ಲೆಗೆ ಎ4 ಅಳತೆಯ ಒಂದು ರಟ್ಟು ಸಾಕು. 3 ಸೆಂ.ಮೀ. ಅಗಲ, 5 ಸೆಂ.ಮೀ. ಉದ್ದಕ್ಕೆ ಗೆರೆ ಎಳೆದರೆ ಅಡ್ಡಕ್ಕೆ 7, ಉದ್ದಕ್ಕೆ 5, ಒಟ್ಟು 35 ತುಂಡು ಬರುತ್ತವೆ. ಎರಡೆರಡು ಅಂಟಿಸಿದರೆ 16 ದಪ್ಪ ಬಿಲ್ಲೆಗೆ 32 ತುಂಡು ಬೇಕು, ಮೂರು ಉಳಿಯುತ್ತವೆ. ಒಂದೇ ಪದರದಲ್ಲಿ ಬಿಡಬೇಡಿ. ತೆಳು ರಟ್ಟು ಎರಡು ದಿನಕ್ಕೆ ಬಾಗುತ್ತದೆ, ಅಟ್ಟಿ ಇಟ್ಟರೆ ಜಾರುತ್ತದೆ. ಅಂಟಿಸಿದ ಮೇಲೆ ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಒತ್ತಿಡಿ. ಹಿಂಬದಿ ಎಲ್ಲ ಬಿಲ್ಲೆಗೂ ಒಂದೇ ಬಣ್ಣ ಇರಲಿ.

ಮುಂಬದಿಗೆ ಸಂಖ್ಯೆ, ತಿಂಡಿಯ ಹೆಸರು, ತುಪ್ಪದ ಚಮಚದ ಚಿತ್ರ. ಒಂದು ಮಾದರಿ: 21 ತಿಳಿಸಾರು, 22 ತೊವ್ವೆ, 23 ಚಟ್ನಿಪುಡಿ, 24 ಗೊಜ್ಜು, ಇವಕ್ಕೆ ಒಂದು ಚಮಚ. 25 ಉಪ್ಪಿಟ್ಟು, 26 ಇಡ್ಲಿ, 27 ದೋಸೆ, 28 ಖಾರಾ ಪೊಂಗಲ್, ಎರಡು ಚಮಚ. 29 ವಾಂಗಿಬಾತ್, 30 ಬಿಸಿಬೇಳೆಬಾತ್, 31 ಮುದ್ದೆ ಬಸ್ಸಾರು, 32 ಜೋಳದ ರೊಟ್ಟಿ ಎಣ್ಣೆಗಾಯಿ, ಮೂರು ಚಮಚ. 33 ಕೇಸರಿಬಾತ್, 34 ಚಿರೋಟಿ, 35 ಹೋಳಿಗೆ, 36 ಮೈಸೂರು ಪಾಕ್, ನಾಲ್ಕು ಚಮಚ. ಯಾವುದು ಯಾವುದಕ್ಕಿಂತ ಮೇಲು ಎಂಬ ಜಗಳ ಬಿಲ್ಲೆ ಬರೆಯುವಾಗಲೇ ಶುರುವಾಗುತ್ತದೆ. ಆಗಲಿ. ಉತ್ತರ ಕರ್ನಾಟಕದ ಮನೆಯಲ್ಲಿ ರೊಟ್ಟಿ 36ಕ್ಕೆ ಏರಿದರೂ ಆಟ ಕೆಡುವುದಿಲ್ಲ. ಸಂಖ್ಯೆ ಮತ್ತು ಚಮಚದ ಲೆಕ್ಕ ಮಾತ್ರ ಅಲುಗಿಸಬೇಡಿ.

ದಾಳ ಎಂಟು ಬೇಕು, ಎಲ್ಲವೂ ಒಂದೇ ಅಳತೆಯವು. ಒಂದು ಬದಿ 16 ಮಿ.ಮೀ. ಇರುವ ಸಾಮಾನ್ಯ ದಾಳ ಕೈಗೆ ಚೆನ್ನಾಗಿ ಕೂರುತ್ತದೆ. ಲೂಡೊ ಪೆಟ್ಟಿಗೆಯ ಪುಟಾಣಿ ದಾಳ ಎಂಟು ಸೇರಿದರೆ ಎಣಿಸುವಾಗ ಕಣ್ಣು ನೋಯುತ್ತದೆ. 6ರ ಮುಖಕ್ಕೆ ಗುರುತು ಹಾಕಲು ಅತಿ ಸುಲಭದ ವಸ್ತು ಹಣೆಗೆ ಇಟ್ಟುಕೊಳ್ಳುವ ಸ್ಟಿಕ್ಕರ್ ಬಿಂದಿ. ಹಳದಿ ಬಣ್ಣದ, ತೆಳ್ಳಗಿನ, ಚುಕ್ಕೆಗಳೆಲ್ಲ ಮುಚ್ಚುವಷ್ಟು ಅಗಲದ್ದು. ಕಲ್ಲು ಕೂರಿಸಿದ ಬಿಂದಿ ಬೇಡ, ದಾಳ ಆ ಮುಖದ ಮೇಲೆ ಸರಿಯಾಗಿ ನಿಲ್ಲುವುದಿಲ್ಲ. ಬಿಂದಿಯ ಅಂಟು ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಬಹಳ ದಿನ ಬಾಳಬೇಕಾದರೆ ಉಗುರುಬಣ್ಣ ಎರಡು ಕೋಟು ಹಚ್ಚಿ, ಮೊದಲನೆಯದು ಪೂರ್ತಿ ಒಣಗಿದ ಮೇಲೆ ಎರಡನೆಯದು. ಸ್ಕೆಚ್ ಪೆನ್ ಬಳಿದರೆ ಕೈಯ ಬೆವರಿಗೆ ಮೊದಲ ಆಟದಲ್ಲೇ ಅಳಿಸುತ್ತದೆ.

ಗುರುತೇ ಹಾಕದೆ, '6 ಬಿದ್ದರೆ ತುಪ್ಪ ಅಂತ ಇಟ್ಟುಕೊಳ್ಳೋಣ' ಎಂದು ಆಡುವವರಿದ್ದಾರೆ. ಆಗುವ ಎಡವಟ್ಟು ಏನೆಂದರೆ, ಕೂಡಿಸುವಾಗ ಅದನ್ನು 6 ಎಂದೇ ಕೂಡಿಸುತ್ತಾರೆ. ಒಂದು ಹೆಚ್ಚಾದರೆ ಏನು ಮಹಾ ಎನಿಸಬಹುದು. ತುಪ್ಪ 5 ಆದಾಗ ಒಂದು ದಾಳದ ಸರಾಸರಿ 3.33, ಎಂಟಕ್ಕೆ ಸುಮಾರು 26.7. ಅದು 6 ಆದರೆ ಸರಾಸರಿ 3.5, ಎಂಟಕ್ಕೆ 28. ಅದಕ್ಕಿಂತ ಮುಖ್ಯವಾಗಿ, ತುಪ್ಪ ತೆಗೆಯುವುದೋ 5 ತೆಗೆಯುವುದೋ ಎಂಬ ತೂಗಾಟ ಹೊರಟುಹೋಗುತ್ತದೆ. ತುಪ್ಪ ಕಡ್ಡಾಯವೂ ಹೌದು, ಬೆಲೆಯೂ ಹೆಚ್ಚು ಎಂದಾದರೆ ಯಾರು ತಾನೆ ಬಿಡುತ್ತಾರೆ? ಎರಡೂ 5 ಆಗಿರುವುದರಿಂದಲೇ ಆಯ್ಕೆ ಕಷ್ಟ, ಕಷ್ಟವಾದ್ದರಿಂದಲೇ ಆಟ.

ದಾಳ ಎಂದರೆ ಶಕುನಿ ನೆನಪಾಗುವುದು ಸಹಜ, ಅಗ್ಗದ ದಾಳದ ಮೇಲೆ ಅನುಮಾನವೂ ಸಹಜ. ಅನುಮಾನ ಬಂದ ದಾಳವನ್ನು 60 ಸಲ ಎಸೆದು ಬರೆದಿಡಿ. ಪ್ರತಿ ಮುಖವೂ 10 ಸಲ ಬರಬೇಕೆಂದೇನಿಲ್ಲ. 5ರಿಂದ 15ರ ನಡುವೆ ಬಂದರೆ ಸುಮ್ಮನಿರಿ. ಒಂದು ಮುಖ 20 ದಾಟಿದರೆ ಆ ದಾಳವನ್ನು ಬದಲಿಸಿ.

ಎಸೆಯುವ ಜಾಗವೂ ಮುಖ್ಯ. ಬರೀ ನೆಲದಲ್ಲಿ ಎಂಟು ದಾಳ ಎಸೆದರೆ ಒಂದು ಸೋಫಾದ ಕೆಳಗೆ ಹೋಗುವುದು ಖಂಡಿತ. ಸ್ಟೀಲ್ ತಟ್ಟೆಯಲ್ಲಿ ಎಸೆದರೆ ಪಕ್ಕದ ಮನೆಯವರು ಏಳುತ್ತಾರೆ. ಅಂಚಿರುವ ಅಗಲವಾದ ತಟ್ಟೆಗೆ ಒಂದು ದಪ್ಪ ಬಟ್ಟೆ ಹಾಸಿ, ಅಥವಾ ಮೊರ ಇದ್ದರೆ ಅದೇ ಚೆನ್ನ. ಚಾಪೆಯ ಮೇಲೆ ದಾಳ ಓರೆಯಾಗಿ ನಿಲ್ಲುತ್ತದೆ. ಓರೆ ನಿಂತದ್ದು, ತಟ್ಟೆಯಿಂದ ಹೊರಗೆ ಹಾರಿದ್ದು ಮಾತ್ರ ಮತ್ತೆ ಎಸೆಯುವುದು, ಉಳಿದವು ಹಾಗೇ ಇರಲಿ ಎಂದು ಮೊದಲೇ ಒಪ್ಪಿಕೊಳ್ಳಿ. ಕೈಯಲ್ಲಿ ಒಂದೂ ಬಿಲ್ಲೆ ಇಲ್ಲದವರು ಸೀಯಿಸಿದಾಗ ಕೊಡಲು ಏನೂ ಇರುವುದಿಲ್ಲ. ಆಗಲೂ ದೊಡ್ಡ ಬಿಲ್ಲೆ ಮಗುಚುವುದೇ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ಮಗುಚಿದರೆ ಆಟ ಚುರುಕಾಗಿ ಸಾಗುತ್ತದೆ.

ತೆಗೆದಿಟ್ಟ ದಾಳಗಳನ್ನು ತಟ್ಟೆಯ ಹೊರಗೆ, ಮುಖದ ಪ್ರಕಾರ ಗುಂಪು ಗುಂಪಾಗಿ ಸಾಲಿಟ್ಟು, ಪ್ರತಿ ಸಲವೂ ಮೊತ್ತವನ್ನು ಬಾಯಿಬಿಟ್ಟು ಹೇಳಬೇಕು. 'ತುಪ್ಪ ಎರಡು, ಹತ್ತು. ಐದು ಮೂರು, ಇಪ್ಪತ್ತೈದು.' ಇದು ಬರೀ ಶಿಸ್ತಿನ ಮಾತಲ್ಲ. ದಾಳ ರಾಶಿಯಾಗಿ ಬಿದ್ದಿದ್ದರೆ ಯಾವ ಮುಖ ಆಗಲೇ ತೆಗೆದಾಗಿದೆ ಎಂಬುದು ಮರೆತು ಎರಡನೇ ಸಲ ಅದನ್ನೇ ತೆಗೆಯುತ್ತಾರೆ. ಈ ಆಟದಲ್ಲಿ ಅತಿ ಹೆಚ್ಚು ನಡೆಯುವ ತಪ್ಪು ಅದೇ. ಸಣ್ಣವರಿಗೆ ಕೂಡಿಸಲು ಕಷ್ಟವಾದರೆ ಮೊದಲು 5 ಮತ್ತು ತುಪ್ಪ ಎಣಿಸಿ ಐದರ ಮಗ್ಗಿ ಹೇಳಲಿ, ಆಮೇಲೆ ಉಳಿದದ್ದು.

ಆರೇಳು ವರ್ಷದ ಮಕ್ಕಳಿದ್ದರೆ ಬಿಲ್ಲೆಯ ಸಂಖ್ಯೆಗಳನ್ನೆಲ್ಲ 5 ಇಳಿಸಿ 16ರಿಂದ 31 ಎಂದು ಬರೆದ ಇನ್ನೊಂದು ಕಟ್ಟು ಮಾಡಬಹುದು. ಆಗ ಮೊತ್ತ ಸಾಲದೆ ಸೀಯುವುದು ತೀರ ಕಡಿಮೆಯಾಗುತ್ತದೆ, ತುಪ್ಪ ಬಾರದೆ ಸೀಯುವುದು ಮಾತ್ರ ಇದ್ದೇ ಇರುತ್ತದೆ. ತುಪ್ಪದ ಷರತ್ತನ್ನು ಮಕ್ಕಳಿಗೆಂದು ಬಿಟ್ಟುಕೊಡಬೇಡಿ. ಅದನ್ನು ತೆಗೆದರೆ ಉಳಿಯುವುದು ಕೂಡುವ ಲೆಕ್ಕ.

ಕೇಳಬಹುದಾದ ಪ್ರಶ್ನೆಗಳು

ಎಷ್ಟು ಜನ ಕೂತರೆ ಚೆನ್ನ? ಮೂರರಿಂದ ಐದು. ಏಳು ಜನ ಕೂತರೆ ಸರದಿ ಬರುವಷ್ಟರಲ್ಲಿ ಅರ್ಧ ಮಂದಿ ಕಾಫಿಗೆ ಎದ್ದಿರುತ್ತಾರೆ. ಇಬ್ಬರೇ ಆಡಿದರೆ ಕಸಿಯುವುದೇ ಆಟವಾಗುತ್ತದೆ. ಅದೂ ಚೆನ್ನಾಗಿರುತ್ತದೆ, ಆದರೆ ಬೇಸರ ಮಾಡಿಕೊಳ್ಳುವ ಮಗುವಿನ ಜೊತೆ ಬೇಡ.

ಮುಂದಿರುವವರನ್ನು ಹಿಡಿಯಲು ಆಗುತ್ತದೆಯೇ? ಆಗುತ್ತದೆ. ಆಟ ಸಾಗಿದಂತೆ ಒಲೆಯ ಸಣ್ಣ ಬಿಲ್ಲೆಗಳು ಖಾಲಿಯಾಗುತ್ತವೆ. 21ರಿಂದ 24 ಹೋಗಿದ್ದರೆ ಒಲೆಯಿಂದ ಏನಾದರೂ ತೆಗೆಯಲು 25 ಬೇಕೇ ಬೇಕು. ಸೀಯುವುದು ಹೆಚ್ಚುತ್ತದೆ. ಸೀದಾಗ ಅಟ್ಟಿ ಇರುವವರೇ ಕಳೆದುಕೊಳ್ಳುವವರು, ಬರಿಗೈಯವರಿಗೆ ನಷ್ಟವಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಮಾತು ಮುಂದಿರುವವರ ಬಾಯಲ್ಲೇ ಹೆಚ್ಚು ಕೇಳಿಸುತ್ತದೆ.

ಕೊನೆಯದಾಗಿ, ಮನೆಗೆ ಹೋಗಿ ಯೋಚಿಸಲು ಒಂದು ಸನ್ನಿವೇಶ ಕೊಡುವ ಬದಲು ಇಲ್ಲೇ ಬಿಡಿಸಿಬಿಡೋಣ. ಒಲೆಯ ಮೇಲೆ ಉಳಿದಿರುವುದು 36 ಒಂದೇ, ಮೈಸೂರು ಪಾಕ್. ನಿಮ್ಮ ಮುಂದೆ ಮೂರು ತುಪ್ಪ, ಎರಡು 5, ಎರಡು 4. ಒಟ್ಟು 33. ಒಂದು ದಾಳ ಉಳಿದಿದೆ. ಎದುರಿನವರ ಅಟ್ಟಿಯ ತುದಿಯಲ್ಲಿ 33 ಇದೆ, ಕೇಸರಿಬಾತ್. ಎಲ್ಲರೂ 'ಎಸಿ, ಎಸಿ' ಎಂದು ಕೂಗುತ್ತಿದ್ದಾರೆ. 4, 5, ತುಪ್ಪ ಬಿದ್ದರೆ ಆಗಲೇ ತೆಗೆದ ಮುಖ, ಸೀಯುತ್ತದೆ. 1 ಅಥವಾ 2 ಬಿದ್ದರೆ 34 ಅಥವಾ 35. ಒಲೆಯಲ್ಲಿ ಅದಕ್ಕೆ ಸಿಗುವ ಬಿಲ್ಲೆಯೇ ಇಲ್ಲ, ಬೇರೆ ಯಾರ ತುದಿಯಲ್ಲೂ ಆ ಸಂಖ್ಯೆ ಇಲ್ಲದಿದ್ದರೆ ಅದೂ ಸೀದಂತೆಯೇ. ಉಳಿದದ್ದು 3 ಮಾತ್ರ, ಆರರಲ್ಲಿ ಒಂದು. ಈಗ ನಿಲ್ಲಿಸಿ ಕೇಸರಿಬಾತ್ ಎತ್ತಿಕೊಂಡರೆ ನಿಮಗೆ ನಾಲ್ಕು ಚಮಚ ಬಂತು, ಎದುರಿನವರಿಗೆ ನಾಲ್ಕು ಹೋಯಿತು, ಇಬ್ಬರ ನಡುವೆ ಎಂಟು ಚಮಚದ ವ್ಯತ್ಯಾಸ. ಮೈಸೂರು ಪಾಕ್ ಒಲೆಯ ಮೇಲೇ ಇರಲಿ, ಅದಕ್ಕೆ ಮುಂದಿನ ಸರದಿ ಇದೆ.